ನೂರಾ ಎರಡು ಹೊಡೆಸಿಕೊಂಡ ಮೇಲೆ ಏನಾಯಿತು?

ಜಗಳೂರಿನ ಆಚೆ, ಮೆಕ್ಕೆಜೋಳ ಕಟಾವಾದ ಒಂದು ಹೊಲ. ಕೂಳೆ ಕಿತ್ತು, ನಡುವೆ ಇಪ್ಪತ್ತೆರಡು ಗಜ ಮಟ್ಟ ಮಾಡಿ, ನೀರು ಚಿಮುಕಿಸಿ ಬಡಿದು ಮಾಡಿದ ಪಿಚ್. ಟೆನಿಸ್ ಬಾಲ್ ಟೂರ್ನಮೆಂಟು. ಹದಿನೇಳು ದಾಟಿರದ ಹುಡುಗನೊಬ್ಬ ಬೌಲಿಂಗ್ ಹಾಕುತ್ತಿದ್ದ. ಮೊದಲ ಎಸೆತ ಸಿಕ್ಸರ್. ಎರಡನೆಯದು ಸಿಕ್ಸರ್. ಮೂರನೆಯದು ಪಕ್ಕದ ಹೊಲದ ಬೇವಿನ ಮರದಾಚೆ ಹೋಗಿ ಬಿತ್ತು. ಚೆಂಡು ಹುಡುಕಿ ತರುವಷ್ಟರಲ್ಲಿ ಹುಡುಗನ ಮುಖ ಬಿಳುಚಿತ್ತು. ಕ್ಯಾಪ್ಟನ್ ಹತ್ತಿರ ಹೋಗಿ ಚೆಂಡು ಚಾಚಿದ.

“ಅಣ್ಣ, ನೀನೇ ಹಾಕು. ನನ್ ಕೈಲಿ ಆಗಲ್ಲ.”

“ಓವರ್ ಮಧ್ಯದಾಗ ಬಿಡಾಕೆ ಬರಲ್ಲ ಕಣೋ. ಹಾಕು, ಏನಾಗಲ್ಲ.”

ಪಂದ್ಯ ಸೋತರು. ಆಟ ಮುಗಿದು ಎಲ್ಲರೂ ಮಂಡಕ್ಕಿ ಮಿರ್ಚಿಗೆ ಕೈಹಾಕಿದರೆ ಈ ಹುಡುಗ ಮಾತ್ರ ಪೊಟ್ಟಣ ಬಿಚ್ಚದೆ ಕೂತಿದ್ದ. ಸ್ಕೋರ್ ಬರೆಯುತ್ತಿದ್ದ ಹಿರಿಯರೊಬ್ಬರು ಪುಸ್ತಕ ಮುಚ್ಚಿ ಅವನ ಪಕ್ಕ ಬಂದು ಕೂತರು. “ಲೇ ತಮ್ಮ, ನಮ್ಮ ದಾವಣಗೆರೆ ವಿನಯ್‌ಗೆ ಒಂದೇ ಮ್ಯಾಚ್‌ನಾಗ ನೂರಾ ಎರಡು ಹೊಡೆದಿದ್ರು, ಗೊತ್ತೈತಾ?”

ಹುಡುಗ ತಲೆ ಎತ್ತಿದ. “ಆಮೇಲೆ ಏನಾತು?”

ಹಿರಿಯರು ಸ್ವಲ್ಪ ತಡೆದರು. “ಆಮೇಲೆ ಒಂದಿನದ ಮ್ಯಾಚಿಗೆ ಇಂಡಿಯಾ ಟೀಮಿನವರು ತಿರುಗಿ ಕರೀಲಿಲ್ಲ.”

“ಅದಲ್ಲ. ಆಮೇಲೆ ಅವರೇನು ಮಾಡಿದ್ರು?”

ಅಲ್ಲಿ ನಿಂತಿದ್ದ ನನಗೂ ಉತ್ತರ ಹೊಳೆಯಲಿಲ್ಲ. ಆ ಹೆಸರು ಹೇಳಿಕೊಂಡೇ ಬೆಳೆದ ಜಿಲ್ಲೆಯವರು ನಾವು, ಆದರೂ ಹೊಳೆಯಲಿಲ್ಲ! ರಾತ್ರಿ ಮನೆಗೆ ಬಂದವನು ಹಳೆಯ ಸ್ಕೋರ್‌ಕಾರ್ಡುಗಳನ್ನು ಒಂದೊಂದಾಗಿ ತೆಗೆದು ದಿನಾಂಕದ ಪಕ್ಕ ದಿನಾಂಕ ಬರೆಯುತ್ತಾ ಹೋದೆ. ಬೆಳಗಿನ ಜಾವದ ಹೊತ್ತಿಗೆ ಕೈ ನಡುಗುತ್ತಿತ್ತು. ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು ಇದಾ!

ಮೊದಲ ದಿನಾಂಕ: 2013ರ ನವೆಂಬರ್ 2. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಆಸ್ಟ್ರೇಲಿಯಾ ವಿರುದ್ಧ ಸರಣಿಯ ಕೊನೆಯ ಏಕದಿನ ಪಂದ್ಯ. ಜಗತ್ತಿಗೆ ಅದು ರೋಹಿತ್ ಶರ್ಮಾ 16 ಸಿಕ್ಸರ್ ಬಾರಿಸಿ 209 ಹೊಡೆದ ದಿನ. ಭಾರತ 383. ಆಸ್ಟ್ರೇಲಿಯಾ ಬೆನ್ನಟ್ಟಿತು. ಮ್ಯಾಕ್ಸ್‌ವೆಲ್ 22 ಎಸೆತಕ್ಕೆ 60, ಫಾಕ್ನರ್ 116. ಪಂದ್ಯವನ್ನು ಭಾರತವೇ 57 ರನ್‌ಗಳಿಂದ ಗೆದ್ದಿತು. ಆದರೆ ಸ್ಕೋರ್‌ಕಾರ್ಡಿನಲ್ಲಿ ಒಂದು ಸಾಲು ಉಳಿದುಹೋಯಿತು: ವಿನಯ್ ಕುಮಾರ್, 9 ಓವರ್, 102 ರನ್, 1 ವಿಕೆಟ್. ಭಾರತದ ಬೌಲರ್ ಒಬ್ಬ ಏಕದಿನ ಪಂದ್ಯದಲ್ಲಿ ನೂರು ದಾಟಿ ರನ್ ಕೊಟ್ಟದ್ದು ಅದೇ ಮೊದಲು. ಅದೂ ಎಲ್ಲಿ? ತನ್ನದೇ ರಾಜ್ಯದ ಅಂಗಳದಲ್ಲಿ, ತನ್ನದೇ ಜನರೆದುರು. ಅದೇ ಅವರ ಕೊನೆಯ ಏಕದಿನ ಪಂದ್ಯವೂ ಆಯಿತು.

ಎರಡನೆಯ ದಿನಾಂಕ: 2014ರ ಫೆಬ್ರವರಿ 2. ಹೈದರಾಬಾದಿನಲ್ಲಿ ರಣಜಿ ಫೈನಲ್‌ನ ಕೊನೆಯ ದಿನ. ಕರ್ನಾಟಕ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿತು. 1998–99ರ ನಂತರ ಹದಿನೈದು ವರ್ಷ ಕೈಗೆ ಬಾರದ ಟ್ರೋಫಿ ಮರಳಿ ಬಂತು. ಅದನ್ನು ಎತ್ತಿ ಹಿಡಿದ ನಾಯಕ ವಿನಯ್ ಕುಮಾರ್!

ನವೆಂಬರ್ 2, ಫೆಬ್ರವರಿ 2. ಬೆರಳು ಮಡಚಿ ಎಣಿಸಿದೆ. ನಂಬಿಕೆಯಾಗದೆ ಮತ್ತೆ ಎಣಿಸಿದೆ. ಸರಿಯಾಗಿ ಮೂರು ತಿಂಗಳು, ತೊಂಬತ್ತೆರಡು ದಿನ.

ಅಲ್ಲಿಗೂ ನಿಲ್ಲಲಿಲ್ಲ. ಅದೇ ಫೆಬ್ರವರಿಯಲ್ಲಿ ಇರಾನಿ ಕಪ್. ರಣಜಿ ಗೆದ್ದ ರಾಜ್ಯವೊಂದು ಇಡೀ ದೇಶದಿಂದ ಆರಿಸಿದ ಉಳಿದ ಆಟಗಾರರ ತಂಡವನ್ನು ಎದುರಿಸುವ ಪಂದ್ಯ. ಕರ್ನಾಟಕ ಇನಿಂಗ್ಸ್ ಮತ್ತು 222 ರನ್‌ಗಳಿಂದ ಗೆದ್ದಿತು. ಮೈದಾನ ಯಾವುದು? ಅದೇ ಚಿನ್ನಸ್ವಾಮಿ! ನೂರಾ ಎರಡು ಕೊಟ್ಟ ಅಂಗಳದಲ್ಲೇ, ಅದೇ ಮನುಷ್ಯನ ನಾಯಕತ್ವದಲ್ಲಿ! ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ರೈಲ್ವೇಸ್ ತಂಡವನ್ನು ಮಣಿಸಿ ವಿಜಯ್ ಹಜಾರೆ ಟ್ರೋಫಿಯನ್ನೂ ತಂದರು. ಒಂದೇ ಋತುವಿನಲ್ಲಿ ಮೂರು ಟ್ರೋಫಿ. ಮರುವರ್ಷ ಮತ್ತೆ ಅವೇ ಮೂರು.

ಜಗಳೂರಿನ ಆ ಪಂದ್ಯದ ದಿನಗಳಲ್ಲಿ ನಾನು ಓದುತ್ತಿದ್ದದ್ದು ಅಮೆರಿಕದ ಫುಟ್‌ಬಾಲಿನ ಬಗ್ಗೆ. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ಟು, ಭುಜಕ್ಕೆ ಕವಚ ಕಟ್ಟಿಕೊಂಡು ಮೊಟ್ಟೆಯಾಕಾರದ ಚೆಂಡಿಗೆ ಗುದ್ದಾಡುತ್ತಾರಲ್ಲ, ಅದು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿದ್ದಾನೆ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ತಂಡದವರನ್ನು ಸುತ್ತ ಕೂಡಿಸಿ ಯಾರು ಎಲ್ಲಿಗೆ ಓಡಬೇಕೆಂದು ಹೇಳುವವನು ಅವನೇ. ಎದುರಾಳಿಗಳು ಮೈಮೇಲೆ ಬಿದ್ದು ಕೆಡಹುವ ಮುನ್ನ, ಎರಡು ಮೂರು ಸೆಕೆಂಡುಗಳಲ್ಲಿ, ಚೆಂಡನ್ನು ಸರಿಯಾದ ಕೈಗೆ ಎಸೆಯಬೇಕಾದವನೂ ಅವನೇ. ಎಸೆತ ತಪ್ಪಿ ಎದುರಾಳಿಯ ಕೈಸೇರಿದರೆ ಇಡೀ ಕ್ರೀಡಾಂಗಣ ಬೈಯುವುದು ಅವನನ್ನೇ. ಅಂಥವನಿಗೆ ಅಲ್ಲಿನ ತರಬೇತುದಾರರು ಕಲಿಸುವ ಮೊದಲ ಪಾಠ, ಆಗಿಹೋದ ಎಸೆತವನ್ನು ಮರೆ. ಟಾಮ್ ಬ್ರೇಡಿ ಎಂಬಾತನನ್ನು 2000ದ ಆಯ್ಕೆಯಲ್ಲಿ 198 ಮಂದಿಯ ನಂತರ ಕರೆದಿದ್ದರು. 2017ರ ಫೆಬ್ರವರಿಯಲ್ಲಿ ಅದೇ ಬ್ರೇಡಿ ಸೂಪರ್ ಬೌಲ್ ಫೈನಲ್‌ನಲ್ಲಿ ತಂಡ 3–28ರಲ್ಲಿ ಹಿಂದೆ ಬಿದ್ದಾಗಲೂ ತಲೆ ತಗ್ಗಿಸದೆ 34–28ಕ್ಕೆ ಗೆಲ್ಲಿಸಿದ. ಓದಿ ಬೆರಗಾಗಿದ್ದೆ. ಇಂಥವರು ದೂರದಲ್ಲೆಲ್ಲೋ ಹುಟ್ಟುತ್ತಾರೆ ಅಂದುಕೊಂಡಿದ್ದೆ. ಇಲ್ಲ, ದಾವಣಗೆರೆಯಲ್ಲೂ ಹುಟ್ಟುತ್ತಾರೆ! ಆಟೊ ಓಡಿಸುತ್ತಿದ್ದವರ ಮನೆಯಲ್ಲಿ ಹುಟ್ಟುತ್ತಾರೆ!

ಹುಟ್ಟಿದ ದಿನದ ಬಗ್ಗೆಯೂ ಹೇಳಲೇಬೇಕು. ರಂಗನಾಥ್ ವಿನಯ್ ಕುಮಾರ್ ಹುಟ್ಟಿದ್ದು 1984ರ ಫೆಬ್ರವರಿ 12. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರವರಿ 12! ಮೂವತ್ತೈದು ವರ್ಷದ ಅಂತರದಲ್ಲಿ, ಒಂದೇ ತಾರೀಖಿನಂದು, ನಮ್ಮ ಈ ಭಾಗದಲ್ಲಿ ಇಬ್ಬರು. ಇದಕ್ಕೆ ಅರ್ಥವಿರಬೇಕಿಲ್ಲ. ಆದರೂ ಇದನ್ನು ಗಮನಿಸಿದಾಗ ಒಬ್ಬನೇ ಕೂತು ನಕ್ಕೆ, ಎದ್ದು ಓಡಾಡಿದೆ.

ವಿನಯ್‌ರನ್ನು ಜನ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದರು. ಹೆಸರಲ್ಲಿ ಎಕ್ಸ್‌ಪ್ರೆಸ್ ಇದ್ದರೂ ಬೌಲಿಂಗಿನಲ್ಲಿ ಭಾರಿ ವೇಗವಿರಲಿಲ್ಲ. ಗಂಟೆಗೆ 130 ಕಿ.ಮೀ. ಆಸುಪಾಸು, ಅಷ್ಟೇ. ಅದನ್ನೇ ಹಿಡಿದು ಆಡಿಕೊಂಡವರಿಗೆ ಲೆಕ್ಕವಿಲ್ಲ. ಅವರ ಬಳಿ ಇದ್ದದ್ದು ಹೊರಕ್ಕೆ ಸರಿಯುವ ಚೆಂಡು, ಆಫ್ ಸ್ಟಂಪಿನ ಮೇಲಿನ ಹಿಡಿತ, ಒಂದೇ ಜಾಗಕ್ಕೆ ಗಂಟೆಗಟ್ಟಲೆ ಹಾಕುವ ತಾಳ್ಮೆ. 2004–05ರಲ್ಲಿ ರಾಜ್ಯ ತಂಡಕ್ಕೆ ಬಂದವರು ಭಾರತದ ಅಂಗಿ ತೊಟ್ಟದ್ದು 2010ರಲ್ಲಿ. ಟೆಸ್ಟ್ ಆಡಿದ್ದು ಒಂದೇ ಒಂದು, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ವಾರ್ನರ್ 180 ಹೊಡೆದ ಪಂದ್ಯ ಅದು. ವಿನಯ್ 13 ಓವರ್ ಹಾಕಿ 73 ರನ್ ಕೊಟ್ಟು ಮೈಕ್ ಹಸ್ಸಿಯ ವಿಕೆಟ್ ಪಡೆದರು. ಪಂದ್ಯ ಮೂರೇ ದಿನಕ್ಕೆ ಮುಗಿಯಿತು. ಅವರ ಟೆಸ್ಟ್ ಬದುಕೂ ಅಲ್ಲೇ ಮುಗಿಯಿತು.

ನನ್ನ ಮಟ್ಟಿಗೆ ದೊಡ್ಡ ಗಾಯ ಅದಲ್ಲ, ಅದಕ್ಕೂ ಮುಂಚಿನದು. 2010ರ ಜನವರಿ, ಮೈಸೂರಿನ ಮಾನಸಗಂಗೋತ್ರಿ ಮೈದಾನ, ಮುಂಬೈ ವಿರುದ್ಧ ರಣಜಿ ಫೈನಲ್. ಗೆಲ್ಲಲು ಬೇಕಿದ್ದದ್ದು 338. ಮನೀಷ್ ಪಾಂಡೆಯ 144 ನೋಡಿದವರು ಇಂದಿಗೂ ಅದರ ಮಾತೆತ್ತುತ್ತಾರೆ. ತಂಡ 331ಕ್ಕೆ ಆಲೌಟ್. ಆರು ರನ್ನಿನ ಸೋಲು! ಆ ಹನ್ನೊಂದರಲ್ಲಿ ವಿನಯ್ ಇದ್ದರು. ಹದಿನೈದು ವರ್ಷದ ಬರ ಎಂದು ಮೇಲೆ ಒಂದು ಸಾಲಿನಲ್ಲಿ ಬರೆದುಬಿಟ್ಟೆನಲ್ಲ, ಅದರೊಳಗೆ ಈ ಆರು ರನ್ ಕೂತಿವೆ.

ಬರ ಎಂದಾಗ ಜಗಳೂರು ನೆನಪಾಗುತ್ತದೆ. ಈ ಜಿಲ್ಲೆಯೇ ಒಂದು ತಂಡದ ಹಾಗೆ ಕೂಡಿಸಿದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ಜಗಳೂರು ಬಂದದ್ದು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಕಣ್ಣು ಹಾಯುವವರೆಗೆ ಅಡಿಕೆ. ಸಸಿ ನೆಟ್ಟು ಐದಾರು ವರ್ಷ ಕಾದರೆ ಮೊದಲ ಗೊನೆ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಬಂದ ವರ್ಷ ದಂಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ, ಇಳಿದ ಮೇಲೆ ಅದೇ ಮನೆ ತೊಳೆದು ಅದೇ ಒಲೆ ಹಚ್ಚುತ್ತಾರೆ. ಜಗಳೂರಿನಲ್ಲಿ ಮುಂಗಾರು ಕೈಕೊಟ್ಟು ಮೊಳಕೆ ಒಣಗಿದರೆ ರೈತ ಮತ್ತೆ ಬೀಜ ತರುತ್ತಾನೆ. ಅದಕ್ಕೆ ನಮ್ಮಲ್ಲಿ ಮರುಬಿತ್ತನೆ ಅನ್ನುತ್ತಾರೆ. ಎಷ್ಟು ಸಾದಾ ಮಾತು! ಮೊದಲ ಬಿತ್ತನೆ ಹೋಯಿತು, ಇದು ಎರಡನೆಯದು. ನವೆಂಬರ್ 2ಕ್ಕೂ ಫೆಬ್ರವರಿ 2ಕ್ಕೂ ನಡುವೆ ವಿನಯ್ ಮಾಡಿದ್ದಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಗಲಿಲ್ಲ.

ನಾಯಕನೂ ಆದ ವೇಗದ ಬೌಲರ್‌ನ ಪಾಡು ಎಂಥದ್ದೆಂದು ಒಮ್ಮೆ ಯೋಚಿಸಿ ನೋಡಿ. ಬ್ಯಾಟ್ಸ್‌ಮನ್ ಆದ ನಾಯಕ ಸ್ಲಿಪ್ಪಿನಲ್ಲೋ ಮಿಡ್‌ಆಫ್‌ನಲ್ಲೋ ನಿಂತು ಆಟ ಅಳೆಯಬಹುದು. ಬೌಲರ್ ನಾಯಕ ಓಡಿಬಂದು ಎಸೆಯಬೇಕು, ಏದುಸಿರಿನಲ್ಲೇ ಫೀಲ್ಡರನ್ನು ಸರಿಸಬೇಕು. ತನ್ನದೇ ಓವರಿಗೆ ಹೊಡೆತ ಬಿದ್ದಾಗ ತನ್ನನ್ನೇ ದಾಳಿಯಿಂದ ತೆಗೆಯಬೇಕೋ ಇಡಬೇಕೋ ಎಂಬುದನ್ನೂ ತಾನೇ ತೀರ್ಮಾನಿಸಬೇಕು. ಆಟ ಕಟ್ಟುವವನೂ ಅವನೇ, ಚೆಂಡು ಎಸೆಯುವವನೂ ಅವನೇ. ಆ ದೂರದ ಕ್ವಾರ್ಟರ್‌ಬ್ಯಾಕ್‌ನ ಕೆಲಸ ಇದೇ ಅಲ್ಲವೇ! ಕಪಿಲ್ ದೇವ್, ಇಮ್ರಾನ್ ಖಾನ್ ಹೀಗೆ ತಂಡ ನಡೆಸಿದವರು. ಆ ಸಾಲಿನಲ್ಲಿ ನಮ್ಮ ಜಿಲ್ಲೆಯ ಹುಡುಗ ರಾಜ್ಯ ತಂಡವನ್ನು ನಡೆಸಿದ.

ಒಬ್ಬನೇ ನಡೆಸಿದ್ದಲ್ಲ, ಆ ರಾತ್ರಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ಒಂದು ತುದಿಯಲ್ಲಿ ವಿನಯ್, ಇನ್ನೊಂದು ತುದಿಯಲ್ಲಿ ಅಭಿಮನ್ಯು ಮಿಥುನ್, ಅವರು ದಣಿದರೆ ಎಡಗೈಯ ಎಸ್. ಅರವಿಂದ್. ಮೂವರೂ ಸೇರಿ ಒಂದು ನೇಗಿಲು ಹೊಡೆದಂತೆ. ಕೆ.ಎಲ್. ರಾಹುಲ್, ಕರುಣ್ ನಾಯರ್, ಮನೀಷ್ ಪಾಂಡೆ, ರಾಬಿನ್ ಉತ್ತಪ್ಪ, ಸ್ಟುವರ್ಟ್ ಬಿನ್ನಿ, ಸಿ.ಎಂ. ಗೌತಮ್, ಶ್ರೇಯಸ್ ಗೋಪಾಲ್. ಜೊತೆಗೆ ತರಬೇತುದಾರ ಜೆ. ಅರುಣ್ ಕುಮಾರ್. ಕೆಲವರು ಆಗಲೇ ಭಾರತಕ್ಕೆ ಆಡಿದವರು, ಕೆಲವರು ಮುಂದೆ ಆಡಲಿದ್ದವರು. ಇಂಥವರ ನಡುವೆ ನಿಂತು, ಮೈಮೇಲೆ ನೂರಾ ಎರಡರ ಹೊರೆ ಹೊತ್ತುಕೊಂಡು, ‘ಚೆಂಡು ಕೊಡಿ, ನಾನು ಹಾಕುತ್ತೇನೆ’ ಅನ್ನಲು ಎಂಥ ಎದೆ ಬೇಕು! ಆತ್ಮವಿಶ್ವಾಸ ಎಂದರೆ ನನಗೇನೂ ಆಗುವುದಿಲ್ಲ ಎಂಬ ಭಾವ ಅಂದುಕೊಂಡಿದ್ದೆ. ವಿನಯ್‌ಗೆ ಎಲ್ಲವೂ ಆಗಿಹೋಗಿತ್ತು. ಇಡೀ ದೇಶ ಟಿ.ವಿ.ಯಲ್ಲಿ ನೋಡಿತ್ತು. ಆಗಿಹೋದ ಮೇಲೂ ಓಟದ ಗುರುತಿನವರೆಗೆ ಹಿಂದಕ್ಕೆ ನಡೆದು ಹೋಗಿ, ತಿರುಗಿ, ಮತ್ತೆ ಓಡಿಬರುವುದು: ಅದನ್ನು ನಾನು ಈಗ ಆತ್ಮವಿಶ್ವಾಸ ಎನ್ನುತ್ತೇನೆ.

ಈಗ 2015ರ ಮಾರ್ಚ್‌ಗೆ ಬನ್ನಿ. ಇಲ್ಲಿ ಉಸಿರು ಬಿಗಿಹಿಡಿಯಬೇಕು! ಮುಂಬೈನ ವಾಂಖೆಡೆ, ತಮಿಳುನಾಡು ವಿರುದ್ಧ ರಣಜಿ ಫೈನಲ್. ತಮಿಳುನಾಡು 134ಕ್ಕೆ ಆಲೌಟ್, ನಾಯಕ ವಿನಯ್ 34 ರನ್‌ಗೆ 5 ವಿಕೆಟ್. ಇನ್ನೇನು, ಗೆದ್ದೆವು ಅಂದುಕೊಂಡರೆ ಕರ್ನಾಟಕದ ವಿಕೆಟ್‌ಗಳು ಉದುರತೊಡಗಿದವು. 84ಕ್ಕೆ 5! ಕೈಗೆ ಬಂದ ತುತ್ತು ಜಾರಿತು ಎನ್ನುವ ಹೊತ್ತು. ಗಾಯದಿಂದ ಹೊರಗೆ ಕೂತಿದ್ದ ರಾಹುಲ್ ಆಗ ಮತ್ತೆ ಬ್ಯಾಟ್ ಹಿಡಿದು ಬಂದರು. ಎದುರಿಗೆ ಕರುಣ್ ನಾಯರ್. ಇಬ್ಬರೂ ಸೇರಿ ಆರನೇ ವಿಕೆಟ್‌ಗೆ ಕೂಡಿಸಿದ್ದು 386 ರನ್! ರಾಹುಲ್ 188. ಕರುಣ್ 328, ರಣಜಿ ಫೈನಲ್‌ನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದಕ್ಕೆ ಮೊದಲು ಯಾರೂ ಹೊಡೆದಿರಲಿಲ್ಲ. ಅಷ್ಟಕ್ಕೆ ಮುಗಿಯಿತೇ? ಕೆಳ ಕ್ರಮಾಂಕದಲ್ಲಿ ಬಂದ ನಾಯಕ ತಾನೂ ನೂರು ಹೊಡೆದು ಔಟಾಗದೆ ಉಳಿದರು, 105! ತಂಡದ ಮೊತ್ತ 762. ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳಿಂದ.

ಐದು ವಿಕೆಟ್ ಮತ್ತು ಒಂದು ಶತಕ, ಒಂದೇ ಫೈನಲ್‌ನಲ್ಲಿ, ನಾಯಕನಾಗಿ. ನೂರಾ ಎರಡು ಕೊಟ್ಟ ಮನುಷ್ಯ ನೂರಾ ಐದು ಹೊಡೆದರು! ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಾಗ ಪೆನ್ನು ಕೆಳಗಿಟ್ಟು ಅಂಗಳಕ್ಕೆ ಬಂದು ನಿಂತೆ. ಹೊರಗೆ ಇನ್ನೂ ಕತ್ತಲು. ಹೇಳಿಕೊಳ್ಳಲು ಯಾರೂ ಎದ್ದಿರಲಿಲ್ಲ.

ಕಥೆ ಅಲ್ಲಿಗೆ ನಿಂತಿದ್ದರೆ ಅದು ಸಿನಿಮಾ ಆಗುತ್ತಿತ್ತು. 2017ರ ಡಿಸೆಂಬರ್‌ಗೂ ಹೋಗಬೇಕು. ನಾಗಪುರದಲ್ಲಿ ಮುಂಬೈ ವಿರುದ್ಧ ರಣಜಿ ಕ್ವಾರ್ಟರ್‌ಫೈನಲ್. ವಿನಯ್‌ಗೆ ಆಗ 33. ವೇಗದ ಬೌಲರಿಗೆ ಅದು ಮೊಣಕಾಲು, ಬೆನ್ನು ಮಾತಾಡುವ ವಯಸ್ಸು. ತಮ್ಮ ಮೊದಲ ಓವರಿನ ಕೊನೆಯ ಎಸೆತದಲ್ಲಿ ಪೃಥ್ವಿ ಶಾ ಔಟ್. ಎರಡನೇ ಓವರಿನ ಮೊದಲ ಎರಡು ಎಸೆತಗಳಲ್ಲಿ ಮತ್ತಿಬ್ಬರು. ಹ್ಯಾಟ್ರಿಕ್! 34 ರನ್‌ಗೆ 6 ವಿಕೆಟ್. 2010ರಲ್ಲಿ ಆರು ರನ್ನಿನಿಂದ ಕಣ್ಣೀರು ಹಾಕಿಸಿದ್ದ ಅದೇ ಮುಂಬೈ 173ಕ್ಕೆ ಕುಸಿಯಿತು. ಕರ್ನಾಟಕ ಇನಿಂಗ್ಸ್ ಮತ್ತು 20 ರನ್‌ಗಳಿಂದ ಗೆದ್ದಿತು.

ಅದೇ ತಿಂಗಳು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಸೆಮಿಫೈನಲ್, ಎದುರಾಳಿ ವಿದರ್ಭ. ಗುರಿ 198. ರಜನೀಶ್ ಗುರ್ಬಾನಿ ಎಂಬ ಹೊಸ ಹುಡುಗ 7 ವಿಕೆಟ್ ಕಿತ್ತ. ಮೇಲಿನವರೆಲ್ಲ ಹೋದ ಮೇಲೆ ನಾಯಕ ವಿನಯ್, ಮಿಥುನ್, ಶ್ರೇಯಸ್ ಗೋಪಾಲ್ ಬಾಲ ಹಿಡಿದು ಎಳೆದರು. ಐದನೇ ದಿನದ ಬೆಳಿಗ್ಗೆ ಒಂದೊಂದೇ ರನ್ ಕೂಡಿಸುತ್ತಾ 192ರವರೆಗೆ ಬಂದು ನಿಂತಿತು ತಂಡ. ಐದು ರನ್ನಿನ ಸೋಲು. ಆಗ ಆರು, ಈಗ ಐದು! ಒಂದೇ ಮನುಷ್ಯನ ಬದುಕಿನಲ್ಲಿ ಎರಡು ಸಲ, ಎರಡು ಬೌಂಡರಿಗಿಂತಲೂ ಕಡಿಮೆ ಅಂತರದಲ್ಲಿ ಕೈತಪ್ಪಿದ್ದು. ನಡುವೆ ಆರು ಟ್ರೋಫಿ. ಇದನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಅಷ್ಟಾದರೂ ಚೆಂಡು ಕೆಳಗಿಡಲಿಲ್ಲ. 2019–20ರಲ್ಲಿ ಪುದುಚೇರಿ ತಂಡಕ್ಕೆ ಹೋಗಿ ಅಲ್ಲಿಯೂ ಆಡಿದರು. ನಿವೃತ್ತಿ ಘೋಷಿಸಿದ್ದು 2021ರ ಫೆಬ್ರವರಿ 26. ಇಪ್ಪತ್ತೈದು ವರ್ಷ ಓಡಿದ ದಾವಣಗೆರೆ ಎಕ್ಸ್‌ಪ್ರೆಸ್ ಕೊನೆಗೂ ನಿವೃತ್ತಿ ಎಂಬ ನಿಲ್ದಾಣ ತಲುಪಿತು ಎಂಬರ್ಥದ ಮಾತನ್ನು ಅಂದು ಅವರೇ ಬರೆದರು. ಪ್ರಥಮ ದರ್ಜೆಯಲ್ಲಿ 139 ಪಂದ್ಯ, 504 ವಿಕೆಟ್. ರಣಜಿಯೊಂದರಲ್ಲೇ 442. ರಣಜಿಯ ವೇಗದ ಬೌಲರ್‌ಗಳಲ್ಲಿ ಅಂದಿಗೆ ಅಷ್ಟು ವಿಕೆಟ್ ಪಡೆದವರು ಬೇರೆ ಯಾರೂ ಇರಲಿಲ್ಲ. 130ರ ವೇಗದವನಿಗೆ!

ಜಗಳೂರಿನ ತಮ್ಮಾ, ನಿನ್ನ ಹೆಸರು ಕೇಳುವುದನ್ನು ಆ ದಿನ ಮರೆತೆ. ಈ ಪುಟ ನಿನ್ನ ಕೈಗೆ ಬರುತ್ತದೋ ಇಲ್ಲವೋ ತಿಳಿಯದು. ಚನ್ನಗಿರಿಯಲ್ಲೋ, ಹೊನ್ನಾಳಿಯಲ್ಲೋ, ನ್ಯಾಮತಿಯಲ್ಲೋ ನಿನ್ನಂತೆಯೇ ಮೂರು ಸಿಕ್ಸರ್ ತಿಂದು ಮಂಡಕ್ಕಿ ಪೊಟ್ಟಣ ಬಿಚ್ಚದೆ ಕೂತ ಹುಡುಗನ ಕೈಗಾದರೂ ಬರಲಿ. ಆಮೇಲೆ ಅವರೇನು ಮಾಡಿದರು ಎಂದು ಕೇಳಿದ್ದೆಯಲ್ಲ. ಮಾಡಿದ್ದು ಇದು. ಮುಂದಿನ ಭಾನುವಾರ ಕ್ಯಾಪ್ಟನ್ ಕರೆದು ಚೆಂಡು ಕೊಟ್ಟರೆ ಬೇಡ ಅನ್ನಬೇಡ, ಇಸ್ಕೊ.